ಎ ಸೆಕ್ಷನ್ನು, ಬಿ ಸೆಕ್ಷನ್ನು

ಶಿರಸಿಯ ಅಡಿಕೆ ಮಂಡಿ ಎದುರಿನ ಚಾ ಅಂಗಡಿ. ಟೆಂಡರ್ ಮುಗಿಯುವವರೆಗೆ ಬಾಯಿಗೆ ಏನಾದರೂ ಕೆಲಸ ಬೇಕಲ್ಲ, ಹೆಗಡೇರು ಶುರು ಹಚ್ಚಿಕೊಂಡರು.

"ಕೇಳಿದ್ರಾ? ಹೈಸ್ಕೂಲಲ್ಲಿ ಒಂಬತ್ತನೇ ಕ್ಲಾಸನ್ನ ಮಾರ್ಕು ನೋಡಿ ಪಾಲು ಮಾಡ್ತಾರಂತೆ. ಹುಷಾರಿದ್ದವರು ಎ, ಉಳಿದವರು ಬಿ."

"ಒಳ್ಳೇದೇ ಆತಲ್ಲ," ಅಂದರು ನಾಯ್ಕರು. "ಕಲಿಯೋರು ಕಲೀಲಿ."

"ನಿಮ್ಮ ಮಗಳು ಎ ಅಂತ ಕಾಣ್ತದೆ."

"ಹೌದು. ನಿಮ್ಮ ಮಾಣಿ?"

"ನಾನು ತತ್ವದ ಪ್ರಶ್ನೆ ಎತ್ತಿದ್ದು, ಮಾರಾಯ್ರೆ."

ನಿವೃತ್ತ ಮಾಸ್ತರು ಬನ್ಸ್ ಮುರಿಯುತ್ತ ಬಾಯಿ ಹಾಕಿದರು. "ಇಂಗ್ಲೆಂಡಿನವರು 1944ರ ಶಿಕ್ಷಣ ಕಾಯ್ದೆ ಬಂದ ಮೇಲೆ ಮಾಡಿದ್ದೂ ಇದೇ. ಹನ್ನೊಂದನೇ ವಯಸ್ಸಿಗೆ ಒಂದು ಪರೀಕ್ಷೆ, ಪಾಸಾದವ ಕಾಲೇಜಿಗೆ ತಯಾರು ಮಾಡೋ ಗ್ರಾಮರ್ ಸ್ಕೂಲು, ಉಳಿದವ ಬೇರೆ ಕಡೆ. 1965ರಲ್ಲಿ ಸರ್ಕಾರವೇ ಸುತ್ತೋಲೆ ಕಳಿಸಿ, ಎಲ್ಲರನ್ನೂ ಒಂದೇ ಶಾಲೆಗೆ ಸೇರಿಸಿ ಅಂತು. ಆದ್ರೂ ಕೆಲವು ಕಡೆ ಇನ್ನೂ ಉಂಟು. ಫಿನ್ಲೆಂಡಿನವರು ಶಾಲೆಯೊಳಗೆ ಮಟ್ಟ ನೋಡಿ ಪಾಲು ಮಾಡೋದನ್ನ 1985ರಲ್ಲಿ ಕೈಬಿಟ್ಟರು."

"ಹನ್ನೊಂದಕ್ಕೇ ಕೊಯ್ಲಾ!" ಹೆಗಡೇರಿಗೆ ಸಿಕ್ಕಿತು ಎಳೆ. "ಒಂದೇ ಗೊನೆ ಮಾರಾಯ್ರೆ. ಹಸಿರಿದ್ದಾಗ ಕೊಯ್ದು, ಸುಲಿದು, ಬೇಯಿಸಿದ್ರೆ ರಾಶಿ ಅನ್ನೋ ಕೆಂಪಡಿಕೆ. ಹಣ್ಣಾಗ್ಲಿ ಅಂತ ಬಿಟ್ಟು ಒಣಗಿಸಿದ್ರೆ ಚಾಲಿ. ಇದ್ರಲ್ಲಿ ಅಡಿಕೇದು ಎಂತ ತಪ್ಪು?"

"ರೇಟು ಯಾವುದಕ್ಕೆ ಹೆಚ್ಚು ಅಂತಲೂ ಹೇಳಿ."

ಹೆಗಡೇರು ಚಾ ಕುಡಿದರು.

ನಾಯ್ಕರು ಅಷ್ಟಕ್ಕೇ ಬಿಡುವ ಪೈಕಿ ಅಲ್ಲ. "ಕೀನ್ಯಾದಲ್ಲಿ ಹೀಗೆ ಪಾಲು ಮಾಡಿದ್ದಕ್ಕೆ ಎರಡೂ ಕಡೆ ಮಕ್ಕಳು ಮುಂದೆ ಬಂದ್ರಂತೆ."

"ಬಂದದ್ದು ಹೌದು," ಅಂದರು ಮಾಸ್ತರು. "ಆದ್ರೆ ಅವರು ಒಂದನೇ ಕ್ಲಾಸಿನವರು. ಅಲ್ಲದೆ ಯಾವ ಮೇಷ್ಟ್ರು ಯಾವ ಸೆಕ್ಷನ್ನಿಗೆ ಅಂತ ಚೀಟಿ ಎತ್ತಿದ ಹಾಗೆ ಹಂಚಿದ್ರು. ನಮ್ಮಲ್ಲಿ ಚೀಟಿ ಎತ್ತೋರು ಯಾರು? ಗಟ್ಟಿ ಮೇಷ್ಟ್ರು ಎಗೆ, ಬಿಗೆ ಪೀಟಿ ಮೇಷ್ಟ್ರೇ ಗಣಿತ ಹೇಳ್ಬೇಕು. ವರ್ಷದ ಕೊನೆಗೆ, ನೋಡಿ, ಬಿ ದಡ್ಡರದ್ದೇ ಅಂತ ಷರಾ. ನಾನು ಬಿಗೆ ಎಷ್ಟು ವರ್ಷ ಕಲಿಸಿದ್ದೆ ಗೊತ್ತುಂಟಾ?"

"ಅಂದ್ರೆ ನಿಮ್ಮನ್ನೂ ವಿಂಗಡಿಸಿದ್ರು!"

ಮಾಸ್ತರು ಕೇಳಿಸದವರ ಹಾಗೆ ಸಿಂಗಾಪುರಕ್ಕೆ ಹಾರಿದರು. ಅಲ್ಲಿ ಹೈಸ್ಕೂಲು ಮಕ್ಕಳಿಗೆ ಎಕ್ಸ್‌ಪ್ರೆಸ್, ನಾರ್ಮಲ್ ಅಂತ ಹಣೆಪಟ್ಟಿ ಇತ್ತು. 2024ರಲ್ಲಿ ಸೇರಿದವರಿಂದ ಅದು ಹೋಯಿತು. ಈಗ ವಿಷಯಕ್ಕೊಂದು ಮಟ್ಟ, ಗಣಿತದಲ್ಲಿ ಮೇಲಿದ್ದವ ಇಂಗ್ಲಿಷಲ್ಲಿ ಕೆಳಗಿರಬಹುದು. ಮಟ್ಟ ಬೇರೆ ಇರುವ ವಿಷಯ ಬಿಟ್ಟು ಉಳಿದದ್ದಕ್ಕೆ ಕ್ಲಾಸು ಎಲ್ಲರದ್ದೂ ಒಟ್ಟಿಗೆ. (ನನಗೆ ಇದೇ ಸರಿ ಕಂಡದ್ದು. ಬಾಯಿ ಬಿಡಲಿಲ್ಲ, ಬಿಲ್ಲು ನನ್ನ ತಲೆಗೆ ಬರುವ ಹೆದರಿಕೆ.)

"ಹಾಗಾದ್ರೆ ಪಾಲಕರ ಸಭೆಯಲ್ಲಿ ಹೆಗಡೇರೇ ಮಾತಾಡ್ಲಿ," ಅಂದರು ಮಾಸ್ತರು.

ನಾಯ್ಕರು ನಕ್ಕರು. "ಇವರು ಹೋಗಿ ವಿರೋಧ ಎಂತ ಮಾಡ್ತಾರೆ? ಮಾಣಿಗೆ ಎ ಸೆಕ್ಷನ್ನಲ್ಲಿ ಒಂದು ಸೀಟು ಉಂಟಾ ಕೇಳ್ಕೊಂಡು ಬರ್ತಾರೆ, ಅಷ್ಟೇ."

"ಕೇಳಿ ಆತು," ಅಂದರು ಹೆಗಡೇರು. "ಇಲ್ಲ ಅಂದ್ರು."