ಪ್ರಿಂಟ್ ಮಾಡಿಸಿದ ಬಾಡಿಸೂಟ್: ಮೊಣಕಾಲಿನಲ್ಲಿ ಬಿಳಿ, ಎದೆಯ ಲಾಂಛನ ಅಗಲ, ಮುಂಡ ಗಿಡ್ಡ. ಎಲ್ಲಿ ತಪ್ಪಿತು?

ಗರಿಗೆರೆ:

ಎಲ್ಲರಿಗೂ ನಮಸ್ಕಾರ. ಪಾತ್ರಗಳ ವೇಷ ಹಾಕಿಕೊಂಡು ಹೋಗುವ ಬೆಂಗಳೂರಿನ ಕಾಮಿಕ್ ಕಾನ್‌ಗೆ ಇನ್ನು ಐದು ವಾರ ಉಳಿದಿದೆ. ನಾಲ್ಕು ತಿಂಗಳಿಂದ ಹೊಂಚಿಕೊಂಡ ಉಡುಪು ಮೈಗೆ ಹಾಕಿದ ಮೊದಲ ದಿನವೇ ಕೈಕೊಟ್ಟಿದೆ.

ಪಾತ್ರ ನನ್ನದೇ ಕಲ್ಪನೆ. ಕೆಳದಿಯ ರಾಮೇಶ್ವರ ದೇವಾಲಯದ ಒಳಮಾಳಿಗೆಯಲ್ಲಿ ಕೆತ್ತಿರುವ ಗಂಡಭೇರುಂಡವನ್ನು ಶಾಲಾ ಪ್ರವಾಸದಲ್ಲಿ ನೋಡಿದಂದಿನಿಂದ ಅದು ನನ್ನ ಮನಸ್ಸಿನಲ್ಲಿ ಕುಳಿತಿದೆ. ಎದೆಯ ಮೇಲೆ ಎರಡು ತಲೆಯ ಹಕ್ಕಿ. ಅದರ ರೆಕ್ಕೆಯಿಂದ ಹೊರಟ ಗರಿಗಳು ಪಕ್ಕೆಯನ್ನು ಬಳಸಿ ಬೆನ್ನಿಗೆ ಹೋಗುತ್ತವೆ. ಒಡಲು ಕಡು ಮರೂನ್, ಗರಿಯ ಗೆರೆಗಳು ಅರಿಶಿನ ಬಣ್ಣ.

ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸುವ ಅಳತೆಯ ನಕ್ಷೆ, ಅಂತರ್ಜಾಲದಲ್ಲಿ ಕೊಂಡದ್ದು. ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪ್‌ನಲ್ಲಿ ಪ್ಯಾಟರ್ನಿನ ಒಂದೊಂದು ತುಂಡಿನ ಮೇಲೂ ಚಿತ್ರ ಬಿಡಿಸಿದೆ. ಕ್ರಿಕೆಟ್ ತಂಡಗಳಿಗೆ ಜೆರ್ಸಿ ಮಾಡಿಕೊಡುವ ಅಂಗಡಿಯಲ್ಲಿ ಸಬ್ಲಿಮೇಷನ್ ಪ್ರಿಂಟ್ ಮಾಡಿಸಿದೆ. ಲೈಕ್ರಾ ಬಟ್ಟೆಯನ್ನೂ ಅವರೇ ಕೊಟ್ಟರು. ಹೊಲಿದದ್ದು ನಾನು ಮತ್ತು ಅಮ್ಮ.

ಈಗಿನ ತೊಂದರೆ ಹೀಗಿದೆ. ಮೊಣಕಾಲು ಮಡಚಿದರೆ, ಭುಜ ಎತ್ತಿದರೆ, ಮರೂನ್ ನಡುವೆ ಬಿಳಿ ಬಿಳಿಯಾಗಿ ಕಾಣುತ್ತದೆ. ಹಕ್ಕಿಯ ಎರಡು ಕೊರಳುಗಳೂ ಅತ್ತ ಇತ್ತ ಎಳೆದಂತಾಗಿ ಲಾಂಛನವೇ ಚಪ್ಪಟೆಯಾಗಿದೆ. ಪಕ್ಕೆಯ ಹೊಲಿಗೆಯಲ್ಲಿ ಗರಿಗಳು ಒಂದೂವರೆ ಸೆಂ.ಮೀ.ನಷ್ಟು ತಪ್ಪಿವೆ. ನೆಟ್ಟಗೆ ನಿಂತರೆ ಭುಜವೂ ತೊಡೆಸಂದೂ ಒಟ್ಟಿಗೆ ಎಳೆಯುತ್ತವೆ. ಮರೂನ್ ಇಟ್ಟಿಗೆಯ ಕಡೆಗೆ ವಾಲಿದೆ. ಇಷ್ಟೊಂದು ತಪ್ಪುಗಳು ಒಂದೇ ಉಡುಪಿನಲ್ಲಿ ಹೇಗೆ ಸೇರಿದವು ಎಂಬುದೇ ತಿಳಿಯುತ್ತಿಲ್ಲ. ಮತ್ತೊಮ್ಮೆ ಪ್ರಿಂಟ್ ಮಾಡಿಸಲು ಹಣವಿಲ್ಲ.

ನೀಲಿನೆರಳು:

ಬಿಳಿ ಕಾಣುವುದಕ್ಕೆ ಒಳಗೆ ಅದೇ ಬಣ್ಣದ ಬಿಗಿಯಾದ ಬನಿಯನ್, ಲೆಗ್ಗಿಂಗ್ಸ್ ಹಾಕಿಕೊಂಡರೆ ಸಾಕಾಗಬಹುದು.

ಸೂಜಿಮೊನೆ:

ನೀಲಿನೆರಳು ಅವರೇ, ಅದು ಕೆಲಸ ಮಾಡುವುದಿಲ್ಲ. ಅಲ್ಲಿ ಕಾಣುತ್ತಿರುವುದು ಒಳಗಿನ ಮೈಯಲ್ಲ, ಬಟ್ಟೆಯದೇ ಬಿಳಿ ಎಳೆ. ಸಬ್ಲಿಮೇಷನ್‌ನಲ್ಲಿ ಬಣ್ಣ ಸುಮಾರು 200 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಆವಿಯಾಗಿ ಪಾಲಿಯೆಸ್ಟರ್ ಎಳೆಯೊಳಗೆ ಇಳಿಯುತ್ತದೆ. ಹೆಚ್ಚಿನಂಶ ಮೇಲ್ಮುಖದಲ್ಲೇ ನಿಲ್ಲುತ್ತದೆ. ಲೈಕ್ರಾ ಬಟ್ಟೆಯನ್ನು ಹಿಗ್ಗುವಂತೆ ಮಾಡುವ ಸ್ಪ್ಯಾಂಡೆಕ್ಸ್ ಎಳೆ ಆ ಬಣ್ಣವನ್ನು ಸರಿಯಾಗಿ ಹಿಡಿಯುವುದೇ ಇಲ್ಲ. ಬಟ್ಟೆಯನ್ನು ಅತಿಯಾಗಿ ಎಳೆದಾಗ ಹೆಣಿಗೆ ಬಿಚ್ಚಿಕೊಂಡು, ಬಣ್ಣ ತಾಗದ ಭಾಗ ಹೊರಗೆ ಕಾಣುತ್ತದೆ. ಒಳಗೆ ಏನೇ ಹಾಕಿದರೂ ಅದು ಮರೆಯಾಗುವುದಿಲ್ಲ. ಹಾಗಾಗಿ ಬಟ್ಟೆ ಯಾಕೆ ಅಷ್ಟು ಎಳೆಯುತ್ತಿದೆ ಎಂಬುದನ್ನು ಮೊದಲು ಹುಡುಕಬೇಕು.

ಗರಿಗೆರೆ, ನೀವು ಪಟ್ಟಿ ಮಾಡಿದ ತಪ್ಪುಗಳಲ್ಲಿ ಬಣ್ಣದ್ದೊಂದನ್ನು ಬಿಟ್ಟರೆ ಉಳಿದದ್ದಕ್ಕೆಲ್ಲ ಒಂದೇ ಬೇರು ಇರಬಹುದು ಎಂದು ನನಗನಿಸುತ್ತದೆ. ಮೂರು ಅಳತೆ ಕೊಡಿ. ಒಂದು, ನಿಮ್ಮ ಎದೆಯ ಸುತ್ತಳತೆ ಮತ್ತು ಭುಜದಿಂದ ತೊಡೆಸಂದಿನ ಮೂಲಕ ಹಿಂದಿನಿಂದ ಅದೇ ಭುಜಕ್ಕೆ ಬರುವ ಸುತ್ತು. ಎರಡು, ಪ್ಯಾಟರ್ನಿನಲ್ಲಿ ಅದೇ ಎರಡು ಅಳತೆ. ಮೂರು, ಪ್ಯಾಟರ್ನ್ ಹಾಳೆಯಲ್ಲಿ ಪರೀಕ್ಷೆಗೆಂದು ಕೊಡುವ 10 ಸೆಂ.ಮೀ. ಚೌಕ ಬಟ್ಟೆಯ ಮೇಲೂ ಪ್ರಿಂಟ್ ಆಗಿದ್ದರೆ ಅದರ ಉದ್ದ, ಅಗಲ.

ಜೊತೆಗೆ ಉಳಿದ ಚೂರೊಂದನ್ನು ಅಳತೆಪಟ್ಟಿಯ ಮೇಲಿಟ್ಟು ನಿಧಾನವಾಗಿ ಎಳೆಯಿರಿ. 10 ಸೆಂ.ಮೀ. ಎಷ್ಟಾದಾಗ ಬಿಳಿ ಕಾಣಲು ಶುರುವಾಗುತ್ತದೆ, ಅಡ್ಡಕ್ಕೂ ಉದ್ದಕ್ಕೂ ಬೇರೆ ಬೇರೆಯಾಗಿ ನೋಡಿ ಹೇಳಿ.

ಚುಕ್ಕಿಚಿತ್ರ:

ಇಂಕ್‌ಸ್ಕೇಪ್ ಎಂದಿರಿ. ಫೈಲ್ ಹಳೆಯದೇ? 0.92ಕ್ಕಿಂತ ಹಿಂದಿನ ಆವೃತ್ತಿಗಳು ಒಂದು ಇಂಚಿಗೆ 90 ಪಿಕ್ಸೆಲ್ ಲೆಕ್ಕ ಹಿಡಿಯುತ್ತಿದ್ದವು, ನಂತರ ಅದು 96 ಆಯಿತು. ಹಳೆಯ ಫೈಲನ್ನು ಹೊಸ ಲೆಕ್ಕದಲ್ಲಿ ತೆರೆದು, ತಂತ್ರಾಂಶ ಕೇಳಿದ ಪ್ರಶ್ನೆಗೆ ತಪ್ಪು ಉತ್ತರ ಒತ್ತಿದರೆ ಎಲ್ಲವೂ ಶೇ 6ರಷ್ಟು ಕಿರಿದಾಗುತ್ತದೆ. ನಾನು ಮುಖವಾಡದ ಪ್ಯಾಟರ್ನ್ ಒಂದನ್ನು ಹಾಗೆಯೇ ಕಳೆದುಕೊಂಡಿದ್ದೇನೆ. ಆ ಚೌಕ ಎರಡೂ ಕಡೆ 9.4 ಇದ್ದರೆ ಫೈಲಿನದೇ ತಪ್ಪು.

ಗರಿಗೆರೆ:

ಚೌಕ ಸಿಕ್ಕಿತು, ತೋಳಿನ ತುಂಡಿನ ಪಕ್ಕದಲ್ಲೇ ಇತ್ತು. ಅಗಲ 9.8, ಉದ್ದ 9.4.

ನನ್ನ ಎದೆ 96, ಭುಜದಿಂದ ಭುಜಕ್ಕೆ ಮುಂಡದ ಸುತ್ತು 164. ಪ್ಯಾಟರ್ನಿನಲ್ಲಿ ಎದೆ 84, ಮುಂಡದ ಸುತ್ತು 156. ಚೂರನ್ನು ಎಳೆದಾಗ ಅಡ್ಡಕ್ಕೆ 12 ತಲುಪುವ ಹೊತ್ತಿಗೆ ಬಿಳಿ ಕಂಡಿತು. ಉದ್ದಕ್ಕೆ 10.8ರಲ್ಲೇ ಕಂಡಿತು. ಇದನ್ನು ಕತ್ತರಿ ಹಾಕುವ ಮೊದಲು ನೋಡಬೇಕಿತ್ತು.

ಚುಕ್ಕಿಚಿತ್ರ:

ಹಾಗಾದರೆ ನನ್ನ ಊಹೆ ತಪ್ಪು. ಫೈಲ್ ತಪ್ಪಿದ್ದರೆ ಎರಡೂ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ಕಿರಿದಾಗಬೇಕಿತ್ತು. ಇದು ಬಟ್ಟೆಯದು.

ಸೂಜಿಮೊನೆ:

ಹೌದು, ಬಟ್ಟೆಯದೇ. ಜೆರ್ಸಿ ಮಾಡುವವರಲ್ಲಿ ಸಾಮಾನ್ಯವಾಗಿ ಬಿಸಿ ರೋಲರ್ ಯಂತ್ರ ಇರುತ್ತದೆ. ಜೆರ್ಸಿಯ ಬಟ್ಟೆ ಪೂರ್ತಿ ಪಾಲಿಯೆಸ್ಟರ್, ಹೆಚ್ಚು ಎಳೆಯುವಂಥದ್ದಲ್ಲ, ಹಾಗಾಗಿ ಅವರಿಗೆ ತೊಂದರೆ ಕಾಣುವುದಿಲ್ಲ. ಲೈಕ್ರಾ ಅದೇ ಯಂತ್ರದಲ್ಲಿ ಉದ್ದಕ್ಕೆ ಎಳೆದುಕೊಂಡೇ ಹೋಗುತ್ತದೆ. ಎಳೆದ ಸ್ಥಿತಿಯಲ್ಲಿ ಚಿತ್ರ ಕೂರುತ್ತದೆ, ಹೊರಬಂದ ಮೇಲೆ ಬಟ್ಟೆ ಹಿಂದಕ್ಕೆ ಸರಿಯುತ್ತದೆ. ಬಿಸಿಯಿಂದ ಆಗುವ ಕುಗ್ಗುವಿಕೆಯೂ ಅದಕ್ಕೆ ಸೇರುತ್ತದೆ. ಅದಕ್ಕೇ ಉದ್ದಕ್ಕೆ ಶೇ 6, ಅಡ್ಡಕ್ಕೆ ಶೇ 2. ಕತ್ತರಿಸುವ ಗೆರೆಯೂ ಚಿತ್ರದ ಜೊತೆಗೇ ಪ್ರಿಂಟ್ ಆಗಿದ್ದರಿಂದ ಪ್ಯಾಟರ್ನ್ ಕೂಡ ಅಷ್ಟೇ ಕುಗ್ಗಿತು.

ಈಗ ಲೆಕ್ಕ ನೋಡಿ. ಮುಂಡದ ಸುತ್ತು 156 ಇದ್ದದ್ದು 146.6 ಆಯಿತು. ಅದು 164ಕ್ಕೆ ಹೋಗಬೇಕಾದರೆ ಶೇ 12 ಎಳೆಯಬೇಕು, ನಿಮ್ಮ ಬಟ್ಟೆ ಉದ್ದಕ್ಕೆ ಶೇ 8ರಲ್ಲೇ ಬಿಳಿಚಿಕೊಳ್ಳುತ್ತದೆ. ಭುಜ, ತೊಡೆಸಂದು ಎಳೆಯುವುದು ಇದರಿಂದ. ಎದೆ 84ರಿಂದ 82.3ಕ್ಕೆ ಬಂತು, ಮೈ ಮೇಲೆ ಶೇ 17 ಎಳೆಯುತ್ತಿದೆ. ನಿಂತಾಗ ಹೇಗೋ ತಡೆಯುತ್ತದೆ, ಕೈ ಎತ್ತಿದರೆ 20 ದಾಟುತ್ತದೆ. ಲಾಂಛನವನ್ನು 22 ಸೆಂ.ಮೀ. ಬಿಡಿಸಿದ್ದರೆ ಅದು ಎದೆಯ ಮೇಲೆ 25 ಆಗಿರುತ್ತದೆ. ಅಳೆದು ನೋಡಿ.

ಪ್ಯಾಟರ್ನ್ ಮಾಡಿದವರ ತಪ್ಪೂ ಅಲ್ಲ. ಅದು ನಾಲ್ಕೂ ದಿಕ್ಕಿಗೆ ಚೆನ್ನಾಗಿ ಹಿಗ್ಗುವ ಬಟ್ಟೆಗೆಂದು ಮೈಯಳತೆಗಿಂತ ಕಡಿಮೆ ಇಟ್ಟ ಪ್ಯಾಟರ್ನ್. ನಿಮ್ಮ ಬಟ್ಟೆ ಅಂಥದ್ದಲ್ಲ.

ಗರಿಗೆರೆ:

ಲಾಂಛನ ಅಳೆದೆ. 25.2 ಇದೆ! ಕಾರಣ ತಿಳಿದೇ ಅರ್ಧ ಭಾರ ಇಳಿಯಿತು. ಆದರೆ ಈ ಉಡುಪನ್ನು ಉಳಿಸಲು ಸಾಧ್ಯವೇ?

ಸೂಜಿಮೊನೆ:

ಸಾಧ್ಯ. ನಿಮ್ಮ ಪಾತ್ರಕ್ಕೆ ನಡುಪಟ್ಟಿ ಇದೆಯೇ? ಇದ್ದರೆ ಅದರ ಅಡಿಯಲ್ಲಿ ಉದ್ದ ಸೇರಿಸಬಹುದು, ಯಾರಿಗೂ ಕಾಣುವುದಿಲ್ಲ. ಇಲ್ಲದಿದ್ದರೆ ಒಂದು ಕೊಡಿ.

ಮುಂಡದ ಸುತ್ತು ಸೊಂಟವನ್ನು ಎರಡು ಸಲ ದಾಟುತ್ತದೆ, ಮುಂದೊಮ್ಮೆ, ಹಿಂದೊಮ್ಮೆ. ಹಾಗಾಗಿ ಸೊಂಟದಲ್ಲಿ 6 ಸೆಂ.ಮೀ. ಹೆಚ್ಚಿಸಿದರೆ ಸುತ್ತಿಗೆ 12 ಸಿಗುತ್ತದೆ. 146.6 ಇದ್ದದ್ದು 158.6 ಆಗುತ್ತದೆ, ಎಳೆತ ಶೇ 3.4ಕ್ಕೆ ಇಳಿಯುತ್ತದೆ. ಪಟ್ಟಿಯನ್ನು ಮಾತ್ರ 6 ಅಲ್ಲ, 10 ಸೆಂ.ಮೀ. ಅಗಲಕ್ಕೆ ಕತ್ತರಿಸಿ. ಹೊಲಿಗೆ ಅಂಚು 1 ಸೆಂ.ಮೀ. ಎಂದಿಟ್ಟುಕೊಂಡರೆ ಪಟ್ಟಿಯ ಎರಡು ಅಂಚಿಗೆ 2, ನೀವು ಕತ್ತರಿಸಿದ ಉಡುಪಿನ ಎರಡು ಅಂಚಿಗೆ 2 ಹೋಗುತ್ತದೆ. ಇದನ್ನು ಮರೆತವರೇ ಹೆಚ್ಚು.

ಅಗಲಕ್ಕೆ, ಪಕ್ಕೆಯ ಹೊಲಿಗೆ ಬಿಚ್ಚಿ ಎರಡೂ ಕಡೆ ಹೊಲಿದ ಮೇಲೆ 4 ಸೆಂ.ಮೀ. ಉಳಿಯುವಂತೆ ಕಡು ನೀಲಿ ಅಥವಾ ಕಪ್ಪು ಲೈಕ್ರಾ ಪಟ್ಟಿ ಕೊಡಿ. ಎದೆ 90ರ ಮೇಲೆ ಬರುತ್ತದೆ. ಕಂಕುಳಿನಲ್ಲಿ ಪಟ್ಟಿಯನ್ನು ನಿಲ್ಲಿಸಬೇಡಿ. ನಿಲ್ಲಿಸಿದರೆ ತೋಳಿನ ಸುತ್ತು ಮುಂಡಕ್ಕೆ ಕೂಡುವುದಿಲ್ಲ. ತೋಳಿನ ಒಳಹೊಲಿಗೆಯಲ್ಲೂ ಅದನ್ನು ಮುಂದುವರಿಸಿ, ಮಣಿಕಟ್ಟಿನ ಕಡೆಗೆ ಸಣ್ಣದಾಗಿಸುತ್ತಾ ಹೋಗಿ. ಕೆಳಗೆ ಕಣಕಾಲಿನವರೆಗೆ ಒಂದೇ ಪಟ್ಟಿ. ಇದರಿಂದ ನಿಮ್ಮ ಗರಿಗಳ ತೊಂದರೆಯೂ ಮುಗಿಯುತ್ತದೆ. ಮುಂದಿನ ಗರಿಯೂ ಹಿಂದಿನ ಗರಿಯೂ ಕಪ್ಪು ಪಟ್ಟಿಯಲ್ಲಿ ಮುಗಿದರೆ, ಒಂದಕ್ಕೊಂದು ಕೂಡಿವೆಯೇ ಎಂದು ಕಣ್ಣು ಹುಡುಕುವುದಿಲ್ಲ.

ಕೆಲಸದ ಕ್ರಮ ಮುಖ್ಯ. ಮೊದಲು ಪಕ್ಕೆ ಬಿಚ್ಚಿ, ನಂತರ ಮುಂದು ಹಿಂದು ಬೇರೆ ಬೇರೆಯಾಗಿ ಸೊಂಟದ ಪಟ್ಟಿ ಸೇರಿಸಿ, ಕೊನೆಗೆ ಪಕ್ಕೆಯ ಪಟ್ಟಿ.

ಗರಿಗೆರೆ:

ನಡುಪಟ್ಟಿ ಇದೆ, 9 ಸೆಂ.ಮೀ. ಅಗಲ. ಬೆನ್ನಿನಲ್ಲಿ ಜಿಪ್ ಸೊಂಟದ ಕೆಳಗಿನವರೆಗೂ ಬರುತ್ತದೆ, ಅದನ್ನು ಏನು ಮಾಡಲಿ? ಇನ್ನೊಂದು, ಅಮ್ಮನ ಹೊಲಿಗೆ ಯಂತ್ರದಲ್ಲಿ ಲೈಕ್ರಾದ ಮೇಲೆ ಅಲ್ಲಲ್ಲಿ ಹೊಲಿಗೆ ಬೀಳದೆ ಹಾರುತ್ತದೆ.

ಸೂಜಿಮೊನೆ:

ಜಿಪ್ ಬಿಚ್ಚಿ, ಈಗಿರುವುದಕ್ಕಿಂತ 6 ಸೆಂ.ಮೀ. ಹೆಚ್ಚು ಉದ್ದದ್ದು ಹಾಕಿ. ಹೊಲಿಯುವ ಮೊದಲು ಎರಡೂ ಅಂಚಿಗೆ ಇಸ್ತ್ರಿಯಿಂದ ಅಂಟುವ ತೆಳು ಕ್ಯಾನ್ವಾಸ್ ಪಟ್ಟಿ ಕೊಡಿ. ಇಲ್ಲವಾದರೆ ಬಟ್ಟೆ ಹಿಗ್ಗಿ ಜಿಪ್ ಅಲೆ ಅಲೆಯಾಗಿ ನಿಲ್ಲುತ್ತದೆ. ಇಸ್ತ್ರಿ ಸಣ್ಣ ಬಿಸಿಯಲ್ಲಿರಲಿ, ನಡುವೆ ಬಿಳಿ ಕಾಗದ ಇರಲಿ. ಬಿಸಿ ಹೆಚ್ಚಾದರೆ ಪ್ರಿಂಟ್‌ನ ಬಣ್ಣ ಮತ್ತೆ ಎದ್ದು ಪಕ್ಕದ ಬಟ್ಟೆಗೆ ಹತ್ತುತ್ತದೆ.

ಹೊಲಿಗೆ ಹಾರುವುದು ಸೂಜಿಯಿಂದ. ಮಾಮೂಲಿ ಸೂಜಿ ತೆಗೆದು ಸ್ಟ್ರೆಚ್ ಸೂಜಿ ಹಾಕಿ, 75 ನಂಬರಿನದು. ಪಾಲಿಯೆಸ್ಟರ್ ದಾರ, ಕಿರಿದಾದ ಜಿಗ್‌ಜಾಗ್. ಅಗಲ ಅರ್ಧ ಮಿ.ಮೀ.ನಿಂದ ಒಂದು, ಉದ್ದ ಎರಡೂವರೆ. ನೇರ ಹೊಲಿಗೆ ಹಾಕಿದರೆ ನೀವು ಬಗ್ಗಿದಾಗ ದಾರ ಕಡಿಯುತ್ತದೆ. ಮೊದಲು ಕೈಯಿಂದ ಕಚ್ಚಾ ಹೊಲಿಗೆ ಹಾಕಿ, ಧರಿಸಿ, ಕುಳಿತು, ಎದ್ದು ನೋಡಿ. ಆಮೇಲೆ ಯಂತ್ರ.

ಚುಕ್ಕಿಚಿತ್ರ:

ಬಣ್ಣದ ಬಗ್ಗೆ ಯಾರೂ ಹೇಳಲಿಲ್ಲ. ಪರದೆಯ ಮರೂನ್ ಬಟ್ಟೆಯ ಮರೂನ್ ಆಗುವುದಿಲ್ಲ, ಕಾಗದದ ಮೇಲಿನ ಬಣ್ಣವೂ ಲೆಕ್ಕಕ್ಕಿಲ್ಲ, ಏಕೆಂದರೆ ನಿಜವಾದ ಬಣ್ಣ ಬಿಸಿ ತಾಗಿದ ಮೇಲೆಯೇ ಬರುವುದು. ಮುಂದಿನ ಸಲ ಮರೂನ್‌ನ ಇಪ್ಪತ್ತು ಛಾಯೆಗಳನ್ನು ಸಣ್ಣ ಚೌಕಗಳಾಗಿ, ಪ್ರತಿಯೊಂದಕ್ಕೂ ಅದರ ಸಂಖ್ಯೆ ಬರೆದು, ಅದೇ ಬಟ್ಟೆಯ ಮೇಲೆ ಅದೇ ಯಂತ್ರದಲ್ಲಿ ತೆಗೆಸಿ. ಹಗಲು ಬೆಳಕಿನಲ್ಲಿ ಒಂದನ್ನು ಆರಿಸಿ. ಈಗಿನ ಉಡುಪಿನ ಬಣ್ಣವನ್ನು ಮುಟ್ಟಬೇಡಿ. ಮನೆಯಲ್ಲಿ ಪಾಲಿಯೆಸ್ಟರ್‌ಗೆ ಬಣ್ಣ ಹಾಕಲು ಬಹಳ ಹೊತ್ತು ಕುದಿಸಬೇಕು, ಅದು ಸ್ಪ್ಯಾಂಡೆಕ್ಸ್‌ಗೆ ಒಳ್ಳೆಯದಲ್ಲ.

ಗರಿಗೆರೆ:

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಪಟ್ಟಿಗಳು ಕೂತವು. ಪಕ್ಕೆಗೆ ಕಪ್ಪು ಆರಿಸಿದೆ, ಚಿಕ್ಕಪೇಟೆಯಲ್ಲಿ ದಪ್ಪನೆಯ ಲೈಕ್ರಾ ಸಿಕ್ಕಿತು. ಲಾಂಛನ ಈಗ ಎದೆಯ ಮೇಲೆ 23 ಇದೆ, ಕೊರಳುಗಳು ಮತ್ತೆ ಹಕ್ಕಿಯ ಕೊರಳಿನಂತೆ ಕಾಣುತ್ತಿವೆ. ಎರಡೂ ಕೈ ಎತ್ತಿ ನಿಂತೆ, ಭುಜ ಎಳೆಯಲಿಲ್ಲ. ಅಮ್ಮ ಸುತ್ತ ಒಂದು ಸುತ್ತು ಬಂದು ನೋಡಿ, ಪಟ್ಟಿ ಮೊದಲಿನಿಂದಲೇ ಇದ್ದಂತಿದೆ ಎಂದರು. ಸೂಜಿಮೊನೆ ಅಕ್ಕ, ನಿಮಗೆ ಹೇಗೆ ಧನ್ಯವಾದ ಹೇಳಲಿ ತಿಳಿಯುತ್ತಿಲ್ಲ.

ಒಂದು ಉಳಿದಿದೆ. ಮಂಡಿಯೂರಿ ಕುಳಿತರೆ ಮೊಣಕಾಲಿನ ಮೇಲೆ ಇನ್ನೂ ಸ್ವಲ್ಪ ಬಿಳಿ. ನನ್ನ ಭಂಗಿಯೇ ಅದು, ಬಿಡಲು ಮನಸ್ಸಿಲ್ಲ. ಮುಂದಿನ ವರ್ಷ ಮತ್ತೆ ಮಾಡುವಾಗ ಏನು ಬದಲಿಸಬೇಕು ಎಂಬುದನ್ನೂ ಹೇಳಿ.

ಸೂಜಿಮೊನೆ:

ಬಹಳ ಸಂತೋಷವಾಯಿತು, ಅಮ್ಮನಿಗೂ ನನ್ನ ನಮಸ್ಕಾರ ಹೇಳಿ.

ಮುಂದಿನ ಸಲ ಬಟ್ಟೆ ನೀವೇ ಕೊಳ್ಳಿ. ಪಾಲಿಯೆಸ್ಟರ್ 80, ಸ್ಪ್ಯಾಂಡೆಕ್ಸ್ 20ರ ಸುಮಾರಿನ ಬಿಳಿ ಬಟ್ಟೆ, 200 ಜಿಎಸ್‌ಎಂಗಿಂತ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕ) ಮೇಲಿನದು, ಉದ್ದಕ್ಕೂ ಅಡ್ಡಕ್ಕೂ ಹಿಗ್ಗುವಂಥದ್ದು. ಪ್ರಿಂಟ್‌ಗೆ ಮೊದಲು ಖಾಲಿ ಬಟ್ಟೆಯನ್ನೇ ಒಮ್ಮೆ ಬಿಸಿಯಲ್ಲಿ ಹಾಯಿಸಿಕೊಡಲು ಕೇಳಿ, ಕುಗ್ಗುವುದೆಲ್ಲ ಆಗಲೇ ಕುಗ್ಗಲಿ. ರೋಲರ್ ಬದಲು ಚಪ್ಪಟೆ ಹೀಟ್ ಪ್ರೆಸ್ ಇರುವ ಅಂಗಡಿ ಸಿಕ್ಕರೆ ಇನ್ನೂ ಒಳ್ಳೆಯದು. ಆ ಬಟ್ಟೆಯ ಮೇಲೆ ಚೌಕ ತೆಗೆಸಿ ಅಳೆಯಿರಿ. ಉದ್ದ 9.4 ಬಂದರೆ ಇಡೀ ಫೈಲನ್ನು ಉದ್ದಕ್ಕೆ ಶೇ 106.4ಕ್ಕೆ ಹಿಗ್ಗಿಸಬೇಕು. ಎದೆಗೆ 88, ಮುಂಡದ ಸುತ್ತಿಗೆ 160 ಸಾಕು. ಆಗ ಎದೆ ಶೇ 9 ಹಿಗ್ಗುತ್ತದೆ, ಮೈ ಮೇಲೆ 22 ಕಾಣಬೇಕಾದ ಲಾಂಛನವನ್ನು 20.2 ಬಿಡಿಸಿ.

ಗರಿಗಳನ್ನು ಕಂಪ್ಯೂಟರಿನಲ್ಲಿ ಮೊದಲು ಬಿಡಿಸಬೇಡಿ. ಪ್ರಿಂಟ್ ಇಲ್ಲದ ಬಿಳಿ ಉಡುಪೊಂದನ್ನು ಅದೇ ಪ್ಯಾಟರ್ನಿನಲ್ಲಿ ಹೊಲಿದು, ಧರಿಸಿ ನಿಂತು, ಅಮ್ಮನ ಕೈಯಿಂದ ಪಕ್ಕೆಯ ಮೇಲೆ ಪೆನ್ನಿನಲ್ಲಿ ಗೆರೆ ಎಳೆಸಿ. ಆಮೇಲೆ ಹೊಲಿಗೆ ಬಿಚ್ಚಿ, ತುಂಡುಗಳನ್ನು ಹರಡಿ ಫೋಟೊ ತೆಗೆದು, ಅದರ ಮೇಲೆ ಬಿಡಿಸಿ. ಚಿತ್ರ ಕತ್ತರಿಸುವ ಗೆರೆಯಿಂದ 2 ಸೆಂ.ಮೀ. ಆಚೆಗೂ ಹೋಗಲಿ.

ಈಗಿನ ಉಡುಪಿನ ಮೊಣಕಾಲಿಗೆ, ಬಟ್ಟೆಗೆಂದೇ ಬರುವ ಹಿಗ್ಗುವ ಬಣ್ಣವನ್ನು ಮರೂನ್‌ಗೆ ಹೊಂದಿಸಿ, ನೀರಿನಲ್ಲಿ ತೆಳುವಾಗಿಸಿ. ಉಡುಪು ಧರಿಸಿ, ಒಳಗೆ ಪ್ಲಾಸ್ಟಿಕ್ ಹಾಳೆ ಇಟ್ಟು, ಮೊಣಕಾಲು ಮಡಚಿ ಕುಳಿತುಕೊಳ್ಳಿ. ಸ್ಪಂಜಿನಿಂದ ಒತ್ತಿ ಒತ್ತಿ ಹಚ್ಚಿ, ಉಜ್ಜಬೇಡಿ. ಆರುವವರೆಗೂ ಕಾಲು ಮಡಚಿಯೇ ಇರಬೇಕು, ಹಾಗಾಗಿ ಫ್ಯಾನ್ ಹಾಕಿಕೊಂಡು ಕುಳಿತುಕೊಳ್ಳಿ. ಮೊದಲು ಉಳಿದ ಚೂರಿನ ಮೇಲೆ ಒಮ್ಮೆ ಮಾಡಿ, ಎಳೆದು ನೋಡಿ, ಬಿರುಕು ಬಿಡದಿದ್ದರೆ ಮಾತ್ರ ಉಡುಪಿಗೆ ಹಚ್ಚಿ.