ಹೌಝ್ ನೀರಿನಲ್ಲಿ ವುಝೂ ಮಾಡಿದರೆ ಕಾಯಿಲೆ ಬರುತ್ತಾ?

ಪ್ರಶ್ನೆ: ನಮ್ಮೂರ ಹಳೇ ಮಸೀದಿಯಲ್ಲಿ ವುಝೂಗೆ, ಅಂದರೆ ನಮಾಝಿಗೆ ಮುಂಚೆ ಕೈ, ಬಾಯಿ, ಮೂಗು, ಮುಖ, ಕಾಲು ತೊಳೆಯೋಕೆ, ಈಗಲೂ ಹೌಝ್ (ನೀರಿನ ತೊಟ್ಟಿ) ಇದೆ. ತಳದಲ್ಲಿ ಪಾಚಿ, ಎರಡು ಮೀನು. ಎಲ್ಲರೂ ಅದರಲ್ಲೇ ಕೈ ಅದ್ದಿ ಬಾಯಿ ಮುಕ್ಕಳಿಸುತ್ತಾರೆ. ಮಳೆಗಾಲದಲ್ಲಿ ಮಗನಿಗೆ ಟೈಫಾಯ್ಡ್ ಬಂದಿತ್ತು, ಅದಕ್ಕೇ ಭಯ. ನಲ್ಲಿ ಹಾಕಿಸಿ ಅಂದರೆ ಹಿರಿಯರು ಸಿಟ್ಟಾಗುತ್ತಾರೆ.

ಉತ್ತರ 1: ಸಿಟ್ಟು ಯಾಕೆ? ನಿಂತ ನೀರಿನಲ್ಲಿ ಮೂತ್ರ ಮಾಡಬೇಡಿ, ನಿದ್ದೆಯಿಂದ ಎದ್ದವರು ಕೈ ತೊಳೆಯದೆ ಪಾತ್ರೆಗೆ ಅದ್ದಬೇಡಿ ಅಂತ ಹದೀಸ್‌ನಲ್ಲೇ (ಪ್ರವಾದಿಯವರ ಮಾತುಗಳಲ್ಲೇ) ಇದೆಯಲ್ವಾ. ಚೊಂಬಿನಲ್ಲಿ ಮೊಗೆದು ಹೊರಗೆ ತೊಳೆದುಕೊಳ್ಳಲಿ, ಅಷ್ಟಾದರೂ ಸಾಕು. ಹಿರಿಯರಿಗೆ ಇದನ್ನೇ ಹೇಳಿ, ಡಾಕ್ಟರ್ ಮಾತಿಗಿಂತ ಬೇಗ ಕೇಳುತ್ತಾರೆ.

ಉತ್ತರ 2: ನಾನು ಲ್ಯಾಬ್‌ನಲ್ಲಿ ಕೆಲಸ ಮಾಡುವವನು. ಟೈಫಾಯ್ಡ್, ಕಾಲರಾ, ಕೆಲವು ಬಗೆಯ ಕಾಮಾಲೆ ಬರುವುದು ಮಲ ಸೇರಿದ ನೀರು ಅಥವಾ ಊಟ ಹೊಟ್ಟೆಗೆ ಹೋದಾಗ. ಹಾಗಾಗಿ ಮುಕ್ಕಳಿಸುವಾಗ ನುಂಗಬಾರದು. ದಿನಕ್ಕೆ ಐದು ಸಲ ಕೈ ತೊಳೆಯುವುದು ಒಳ್ಳೆಯದೇ, ಆದರೆ ಸುಮ್ನೆ ನೀರು ಸೋಪಿನ ಕೆಲಸ ಮಾಡಲ್ಲ. ಶೌಚದ ನಂತರ ಸೋಪು ಬೇಕೇ ಬೇಕು.

ವುಝೂನಲ್ಲಿ ಮೂಗಿಗೂ ನೀರು ಎಳೆದುಕೊಳ್ಳುತ್ತೇವಲ್ಲ, ಆ ವಿಷಯ ಬೇರೆ. ನೈಗ್ಲೇರಿಯಾ ಅನ್ನೋ ಅಮೀಬಾ ಬೆಚ್ಚಗಿನ ನೀರಿನಲ್ಲಿ ಬೆಳೆದು ಮೂಗಿನಿಂದ ಮಿದುಳಿಗೆ ಹತ್ತುತ್ತದೆ. ಕುಡಿದರೆ ಬರಲ್ಲ. ಅಪರೂಪ, ಆದರೆ ಬಂದವರು ಬದುಕುವುದು ಕಷ್ಟ. ಕರಾಚಿಯಲ್ಲಿ ಈಜದವರಿಗೂ ಬಂದಾಗ ವುಝೂ ನೀರಿನ ಮೇಲೇ ಅನುಮಾನ ಹೋಯಿತು. ಅಲ್ಲಿ ಕೊಳಾಯಿ ನೀರಿಗೇ ಕ್ಲೋರಿನ್ ಸಾಲುತ್ತಿರಲಿಲ್ಲ, ಆದ್ದರಿಂದ ನಲ್ಲಿ ಹಾಕಿಸಿದ ಕೂಡಲೇ ಮುಗೀತು ಅಂದ್ಕೋಬೇಡಿ. ಮೂಗಿಗೆ ಮಾತ್ರ ಕುದಿಸಿ ಆರಿಸಿದ ನೀರು ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಸರಿ, ಮೊದಲು ಚೊಂಬು. ಶುಕ್ರವಾರ ಆರು ಚೊಂಬು ತಂದಿಡುತ್ತೇನೆ, ಮೀನುಗಳನ್ನು ಏನು ಮಾಡೋದೋ ಗೊತ್ತಿಲ್ಲ.