ಮೇನ್ ಲೈನ್ ಹೋದರೂ ಬ್ಯಾಕಪ್ ರೌಟ್ ಬರ್ತಿಲ್ಲ, ಯಾಕೆ?

ಪ್ರಶ್ನೆ: ಸರ್, ನಮ್ಮ ಆಫೀಸಿನ ಸಿಸ್ಕೋ ರೌಟರ್‌ಗೆ ಎರಡು ಇಂಟರ್ನೆಟ್ ಲೈನ್ ಇವೆ. ಎರಡಕ್ಕೂ ಡಿಫಾಲ್ಟ್ ರೌಟ್ (ಹೊರಗಿನ ಟ್ರಾಫಿಕ್ ಹೋಗುವ ದಾರಿ) ಹಾಕಿದ್ದೇನೆ. ಬ್ಯಾಕಪ್ ರೌಟ್‌ನ ಕೊನೆಗೆ 10 ಸೇರಿಸಿದ್ದೇನೆ. ಕೇಬಲ್ ಕಿತ್ತು ನೋಡಿದಾಗ ತಕ್ಷಣ ಬದಲಾಯಿತು. ಆದರೆ ನಿನ್ನೆ ಮೇನ್ ಲೈನ್ ನಿಜವಾಗಿ ಹೋದಾಗ ಬದಲಾಗಲೇ ಇಲ್ಲ. ಎರಡು ಗಂಟೆ ಎಲ್ಲರೂ ಸುಮ್ನೆ ಕೂತಿದ್ದರು.

ಉತ್ತರ: ರೌಟ್ ಸರಿಯಾಗಿಯೇ ಇದೆ. ನಾವೇ ಕೈಯಾರೆ ಹಾಕುವ ಸ್ಟ್ಯಾಟಿಕ್ ರೌಟ್‌ನ ಡಿಸ್ಟೆನ್ಸ್ ಮಾಮೂಲಿಯಾಗಿ 1, ಈ ಅಂಕಿ ಕಡಿಮೆ ಇದ್ದ ರೌಟ್‌ಗೇ ಆದ್ಯತೆ. ಅದು ರೌಟಿಂಗ್ ಟೇಬಲ್‌ನಲ್ಲಿ ಇರೋವರೆಗೂ 10ರದ್ದು ಒಳಗೆ ಬರುವುದಿಲ್ಲ. ಕೇಬಲ್ ಕಿತ್ತಾಗ ಇಂಟರ್ಫೇಸ್ (ರೌಟರ್‌ನ ಪೋರ್ಟ್) ಡೌನ್ ಆಯಿತು, ರೌಟ್ ಹೋಯಿತು. ನಿನ್ನೆ ಲೈನ್ ಹೋಗಿದ್ದು ಮೋಡೆಮ್‌ನಿಂದ ಆಚೆ. ರೌಟರ್ ಮತ್ತು ಮೋಡೆಮ್ ನಡುವಿನ ಕೇಬಲ್ ಗಟ್ಟಿಯಾಗಿತ್ತು, ಹಸಿರು ದೀಪ ಉರಿಯುತ್ತಲೇ ಇತ್ತು ಅಲ್ವಾ? ರೌಟರ್ ನೋಡುವುದು ಅಷ್ಟನ್ನೇ.

ಐಪಿ ಎಸ್‌ಎಲ್‌ಎ ಹಾಕಿ, ಲೈನ್ ಬದುಕಿದೆಯಾ ಅಂತ ರೌಟರ್ ತಾನೇ ಪರೀಕ್ಷಿಸುವ ಸೌಲಭ್ಯ ಅದು. ಹೊರಗಿನ ಒಂದು ವಿಳಾಸಕ್ಕೆ, ಉದಾಹರಣೆಗೆ 8.8.8.8ಕ್ಕೆ, 10 ಸೆಕೆಂಡಿಗೊಮ್ಮೆ ಪಿಂಗ್ ಹೋಗಲಿ. ಗೇಟ್‌ವೇಗೆ (ರೌಟರ್‌ನಿಂದ ಹೊರಗೆ ಹೋಗುವಾಗ ಸಿಗುವ ಮೊದಲ ಸಾಧನ) ಪಿಂಗ್ ಮಾಡಿದರೆ ಸಾಲದು, ಅದರಾಚೆ ಲೈನ್ ಸತ್ತಿರಬಹುದು. ಆಮೇಲೆ ಆ ಪಿಂಗ್‌ನ ಫಲಿತಾಂಶ ನೋಡುವ ಒಂದು ಟ್ರ್ಯಾಕ್ ಮಾಡಿ ಮೇನ್ ರೌಟ್‌ಗೆ ಕಟ್ಟಿ, ಉತ್ತರ ಬರದಿದ್ದರೆ ಆ ರೌಟ್ ಟೇಬಲ್‌ನಿಂದ ಹೋಗುತ್ತದೆ. ಎಸ್‌ಎಲ್‌ಎ ಶೆಡ್ಯೂಲ್‌ನಲ್ಲಿ ಲೈಫ್ ಫಾರೆವರ್ ಹಾಕುವುದನ್ನು ಮರೆಯಬೇಡಿ. ಹಾಕದಿದ್ದರೆ 3600 ಸೆಕೆಂಡಿಗೆ ಪಿಂಗ್ ನಿಂತುಹೋಗುತ್ತದೆ.

ಪ್ರಶ್ನೆ: ಮಾಡಿದೆ ಸರ್. ಈಗ ಮೇನ್ ಲೈನ್ ಹೋದರೆ ಬ್ಯಾಕಪ್ ಬರುತ್ತದೆ, ಆದರೆ ಸ್ವಲ್ಪ ಹೊತ್ತಿಗೆ ಸತ್ತ ಲೈನ್‌ಗೇ ವಾಪಸ್ ಹೋಗುತ್ತದೆ. ಮತ್ತೆ ಬ್ಯಾಕಪ್, ಮತ್ತೆ ಮೇನ್. ಹೀಗೇ ಓಲಾಡುತ್ತಿದೆ.

ಉತ್ತರ: ಜಾಸ್ತಿ ಜನ ಎಡವುವ ಜಾಗ ಇದು, ನಾನೂ ಮೊದಲ ಸಲ ಇಲ್ಲೇ ಸಿಕ್ಕಿಕೊಂಡಿದ್ದೆ. ಮೇನ್ ರೌಟ್ ಹೋದ ಮೇಲೆ ನಿಮ್ಮ ಪಿಂಗ್ ಯಾವ ದಾರಿ ಹಿಡಿಯಿತು? ಬ್ಯಾಕಪ್ ದಾರಿ. ಉತ್ತರ ಬಂತು. ಮೇನ್ ಲೈನ್ ಸರಿಹೋಯಿತು ಅಂದುಕೊಂಡು ಟ್ರ್ಯಾಕ್ ಮೇಲೆದ್ದಿತು. ಪಿಂಗ್ ಮಾಡುವ ಆ ಒಂದೇ ವಿಳಾಸಕ್ಕೆ ಮೇನ್ ಗೇಟ್‌ವೇ ಮೂಲಕ ಬೇರೆ ಸ್ಟ್ಯಾಟಿಕ್ ರೌಟ್ ಹಾಕಿ, ಮಾಸ್ಕ್ 255.255.255.255. ಅದಕ್ಕೆ ಟ್ರ್ಯಾಕ್ ಕಟ್ಟಬೇಡಿ. ಆ ಪಿಂಗ್ ಮೇನ್ ಲೈನ್ ಬಿಟ್ಟು ಹೋಗಬಾರದು. ಹಾಗೆ ಮಾಡಿದರೆ ಬ್ಯಾಕಪ್‌ನಲ್ಲಿರುವಾಗ ನಿಮಗೆ ಆ ವಿಳಾಸ ಮಾತ್ರ ಸಿಗುವುದಿಲ್ಲ. ಹಾಗಾಗಿ ನಿಮ್ಮ ಆಫೀಸಿನಲ್ಲಿ ಯಾರೂ ಡಿಎನ್‌ಎಸ್‌ಗೆ (ವೆಬ್ ಹೆಸರಿನ ಐಪಿ ವಿಳಾಸ ಹುಡುಕಿಕೊಡುವ ಸರ್ವರ್) ಬಳಸದ ವಿಳಾಸ ಆರಿಸಿ, 8.8.8.8 ಬಳಸುತ್ತಿದ್ದರೆ ಅದು ಬೇಡ.

ಟ್ರ್ಯಾಕ್‌ಗೆ ಡಿಲೇ ಕೊಡಿ, ಡೌನ್ 20, ಅಪ್ 60 ಸೆಕೆಂಡ್. ಒಂದು ಪಿಂಗ್ ತಪ್ಪಿದ ಮಾತ್ರಕ್ಕೆ ದಾರಿ ಬದಲಾಗುವುದಿಲ್ಲ. ಬದಲಾದ ಮೇಲೂ ಕೆಲವರಿಗೆ ನೆಟ್ ಬರದಿದ್ದರೆ ಹಳೇ ನ್ಯಾಟ್ (ಒಳಗಿನ ವಿಳಾಸವನ್ನು ಹೊರಗಿನ ವಿಳಾಸಕ್ಕೆ ಬದಲಿಸುವ) ಎಂಟ್ರಿಗಳನ್ನು ಕ್ಲಿಯರ್ ಮಾಡಿ.

ಈ ಸಲ ಪರೀಕ್ಷೆ ಮಾಡುವಾಗ ರೌಟರ್ ಕಡೆಯ ಕೇಬಲ್ ಮುಟ್ಟಬೇಡಿ. ಮೋಡೆಮ್‌ಗೆ ಹೊರಗಿಂದ ಬರುವ ಲೈನ್ ಕಿತ್ತು, ಶೋ ಟ್ರ್ಯಾಕ್ ಮತ್ತು ಶೋ ಐಪಿ ರೌಟ್ ನೋಡಿ.